ಫರಸಿ ಅಂಚು ಒಡೆಯುವ ಜಗದೇವಿ

ಜಗದೇವಿಗೆ ನಗು ಬಂತೆಂದರೆ ಕೈಯಲ್ಲಿದ್ದದ್ದು ಕೆಳಗೆ ಬಿತ್ತೆಂದೇ ಲೆಕ್ಕ. ನಾರಾಯಣಖೇಡದ ಕಡೆಯ ತವರುಮನೆಯಲ್ಲಿ ಅವಳು ಬೀಳಿಸಿದ ವಸ್ತುಗಳಿಗೆ ಮಿತಿಯಿಲ್ಲ: ಕೊಡ, ಚೆರಿಗೆ, ಉಪ್ಪಿನಕಾಯಿಯ ಭರಣಿ, ಒಮ್ಮೆ ಸ್ವಂತ ತಮ್ಮನನ್ನು ಕೂಡ. ತಾಯಿ ಉಮಾಬಾಯಿ ತಲೆ ಚಚ್ಚಿಕೊಂಡು, "ಗಾಜು, ಮಣ್ಣು ಇಲ್ಲದ ಮನಿ ನೋಡಿ ಕೊಡಬೇಕವ್ವ ಇಕಿನ್ನ" ಎನ್ನುತ್ತಿದ್ದಳು. ಕೊಟ್ಟದ್ದು ತಾಂಡೂರಿನ ಹತ್ತಿರ ಯಾಲಾಲ್ ಕಡೆಯ ಒಂದು ಹಳ್ಳಿಗೆ. ಗಂಡ ಸಾಯಪ್ಪ ತಾಂಡೂರಿನಲ್ಲಿ ಆಟೋ ಓಡಿಸುವವನು. ಸಾವಿನ ಮನೆಗೆ ಹೋದರೂ ಯಾರನ್ನಾದರೂ ನಗಿಸಿ ಬರುವವನು. ಹೀಗಾಗಿ ಆ ಮನೆಯಲ್ಲಿ ನೆಗ್ಗಿಲ್ಲದ ಪಾತ್ರೆ ಒಂದೂ ಉಳಿಯಲಿಲ್ಲ.

ಇಂಥ ಹೆಂಗಸು ಹೋಗಿ ಸೇರಿದ್ದು ಕಲ್ಲಿನ ಕೆಲಸಕ್ಕೆ. ತಾಂಡೂರಿನ ಹೊರವಲಯದಲ್ಲಿ ಶಿವಶಂಕರಪ್ಪನವರ ಫರಸಿ ಪಾಲಿಶ್ ಫ್ಯಾಕ್ಟರಿ ಇತ್ತು. ಖಣಿಯಿಂದ ಬಂದ ಫರಸಿ ಎಂಬ ನೀಲಿ, ಹಳದಿ ಹಾಸುಗಲ್ಲುಗಳನ್ನು ಮಷಿನ್ನು ಚೌಕಾಕಾರಕ್ಕೆ ಕತ್ತರಿಸುತ್ತಿತ್ತು. ಹೆಂಗಸರು ಅವನ್ನು ಹೊತ್ತು ಪಾಲಿಶ್ ಮಷಿನ್ನಿಗೆ ಕೊಡಬೇಕು, ಆಚೆ ಬಂದದ್ದನ್ನು ನಿಲ್ಲಿಸಿ ಜೋಡಿಸಬೇಕು. ಕೆಲಸ ನೋಡಿಕೊಳ್ಳುವ ಮುಕದಮ ಅಂಜಪ್ಪ ಒಂದೊಂದು ಕಲ್ಲಿನ ಅಂಚಿನ ಮೇಲೂ ಹೆಬ್ಬೆರಳು ಆಡಿಸಿ ನೋಡುತ್ತಿದ್ದ. ಅಂಚು ಚಾಕುವಿನಂತೆ ನೆಟ್ಟಗಿರಬೇಕು. ಕೂದಲೆಳೆಯಷ್ಟು ಚಕ್ಕೆ ಎದ್ದಿದ್ದರೂ ಆ ಕಲ್ಲು ಹಿಂದಿನ ರದ್ದಿ ಗುಡ್ಡೆಗೆ ಹೋಗುತ್ತಿತ್ತು.

ಜಗದೇವಿಯ ಪಕ್ಕದಲ್ಲಿ ಹೊರುವವಳು ಲಚ್ಚಮ್ಮ, ಅವಳದೇ ಓಣಿಯವಳು. ಲಚ್ಚಮ್ಮ ಏನಾದರೊಂದು ಚಾಷ್ಟಿ ಹೇಳುವಳು, ಜಗದೇವಿ ನಗುವಳು, ಕಲ್ಲಿನ ಒಂದು ಮೂಲೆ ಟಣ್ ಎಂದು ಹಾರುವುದು. ಅಂಜಪ್ಪನ ಕಣ್ಣು ತಪ್ಪಿಸಲು ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಒಂದು ಮೂಲೆ ಒಡೆದರೆ, ಸಣ್ಣ ಸುತ್ತಿಗೆಯಿಂದ ಉಳಿದ ಮೂಲೆಗಳನ್ನೂ ಸುತ್ತಲಿನ ಅಂಚನ್ನೂ ಅದೇ ರೀತಿ ಟಿಕ್ ಟಿಕ್ ಎಂದು ತಟ್ಟಿ, ಎಲ್ಲ ಕಡೆಗೂ ಒಂದೇ ಸಮ ಒಡೆದುಬಿಡುತ್ತಿದ್ದಳು. ಕಲ್ಲು ಹುಟ್ಟಿದ್ದೇ ಹಾಗೆ ಎನ್ನುವಂತೆ ಕಾಣಲಿ ಎಂಬುದು ಅವಳ ಆಸೆ. ಅಂಜಪ್ಪ ಒಂದು ದಿನವೂ ಮೋಸ ಹೋಗಲಿಲ್ಲ. "ಮೊದ್ಲ ಒಂದ ಮೂಲಿ ಹೋಗಿತ್ತು, ಈಗ ಪೂರಾ ಕಲ್ಲೇ ಹೋತಲ್ಲ ಹುಚ್ಚಿ!" ಎಂದು ಬಯ್ದು ಅದನ್ನು ರದ್ದಿ ಗುಡ್ಡೆಗೆ ಎಸೆಸುತ್ತಿದ್ದ. ಕೆಲಸದಿಂದ ಮಾತ್ರ ಬಿಡಿಸಲಿಲ್ಲ. ಅವಳು ಬಾರದ ದಿನ ಫ್ಯಾಕ್ಟರಿಯಲ್ಲಿ ಕಲ್ಲಿನ ಸಪ್ಪಳ ಒಂದೇ ಇರುತ್ತಿತ್ತು, ಅದು ಅವನಿಗೂ ಬೇಜಾರು.

ಆ ಹೊತ್ತಿಗೆ ಫರಸಿಯ ದಿನಮಾನ ಕೆಟ್ಟಿತ್ತು. ಹೈದರಾಬಾದಿನಲ್ಲಿ ಮನೆ ಕಟ್ಟುವವರೆಲ್ಲ ಟೈಲ್ಸಿನ ಹಿಂದೆ ಬಿದ್ದಿದ್ದರು. ಮಷಿನ್ನುಗಳು ಅರ್ಧ ವಾರ ಮಲಗಿರುತ್ತಿದ್ದವು. ಲೆಕ್ಕಪತ್ರ ನೋಡುವ ಕ್ರಾಂತಿಕುಮಾರ, ಇಂಗ್ಲಿಷ್ ಚೆನ್ನಾಗಿ ಬಲ್ಲ ನಾರಾಯಣಖೇಡದ ಹುಡುಗ, ಕಂಪ್ಯೂಟರಿನ ಮುಂದೆ ಕುಳಿತು ದೇಶದೇಶಕ್ಕೆ ಮೇಲ್ ಕಳಿಸುತ್ತಿದ್ದ. ಯಾರಾದರೂ ಒಬ್ಬರು ಕೊಳ್ಳಲಿ ಎಂದು. ಒಂದು ದಿನ ಬೆಲ್ಜಿಯಂ ಎಂಬ ದೇಶದಿಂದ ಉತ್ತರ ಬಂತು, ಅದರ ಹಿಂದೆಯೇ ಹಿಲ್ಡಾ ಎಂಬ ಹೆಂಗಸೂ ಬಂದಳು. ಮನೆಗಳ ಹಿಂದಿನ ಕೈತೋಟಕ್ಕೆ ಹಾಸುಗಲ್ಲು ಮಾರುವವಳು. ಬೆಳ್ಳಿ ಕೂದಲು, ಮಂಡಿಯವರೆಗೆ ಧೂಳು, ನಡೆಯುವುದು ಮಾತ್ರ ಎಳೆಗರುವಿನ ಹಾಗೆ.

ಶಿವಶಂಕರಪ್ಪನವರು ಹಣೆಗೆ ವಿಭೂತಿ ಎಳೆದುಕೊಂಡು, ಮುಖ ಕಾಣುವಷ್ಟು ನುಣುಪಾದ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹಿಲ್ಡಾ ಅವುಗಳ ಮುಂದೆ ನಕ್ಕು, ತಲೆಯಾಡಿಸಿ, ಮುಂದೆ ನಡೆದಳು. ಹಾಗೇ ನಡೆಯುತ್ತ ಹಿಂದಿನ ರದ್ದಿ ಗುಡ್ಡೆಯ ಹತ್ತಿರ ಹೋದವಳು ಒಮ್ಮೆಲೇ ಮಂಡಿಯೂರಿ ಕುಳಿತುಬಿಟ್ಟಳು. ಎಲ್ಲರೂ ಅವಳಿಗೆ ಬಿಸಿಲು ಬಡಿಯಿತೆಂದು ಓಡಿದರು. ನೋಡಿದರೆ ಅವಳು ಒಂದು ಹಳದಿ ಕಲ್ಲಿನ ಒಡಕು ಅಂಚನ್ನು ಕರುವಿನ ಮೂತಿ ಸವರಿದಂತೆ ಸವರುತ್ತಿದ್ದಳು.

"ಏನಂತಾಳೋ?" ಎಂದರು ಶಿವಶಂಕರಪ್ಪ.

ಕ್ರಾಂತಿಕುಮಾರನ ಬಾಯಿ ತೆರೆದೇ ಇತ್ತು. "ಸಾವ್ಕಾರ್ರ, ಇದೇ ಬೇಕಂತ್ರಿ. ಹೊಸಾ ಕಲ್ಲು, ಖರೆ ಹಳೇದು ಅನ್ನಂಗ ಕಾಣಬೇಕಂತ. ಅಜ್ಜನ ಕಾಲದಾಗ ಹಾಸಿದ್ದು ಅನ್ನಂಗ. ಇದನ್ನ ಯಾರು ಮಾಡ್ಯಾರ ಅಂತ ಕೇಳ್ಲಕತ್ತಾಳ."

ಅಂಜಪ್ಪ ತನ್ನ ಮೇಲೆ ಬಂದೀತೆಂದು ಹೆದರಿ ನೇರವಾಗಿ ಬೆರಳು ತೋರಿಸಿದ. "ಇಕಿನ್ರಿ. ನಾ ದಿನಾ ಬೈತೀನ್ರಿ ಇಕಿಗಿ."

ಜಗದೇವಿ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಬಂದಳು. ಮಾಡಿ ತೋರಿಸು ಎಂದರು. ಅವಳು ಕುಳಿತು, ಕಲ್ಲನ್ನು ತೊಡೆಯ ಪಕ್ಕಕ್ಕೆ ಒರಗಿಸಿ, ತಿರುಗಿಸುತ್ತ ತಿರುಗಿಸುತ್ತ ಟಿಕ್ ಟಿಕ್ ಎಂದು ಸುತ್ತಲಿನ ಅಂಚು ಒಡೆದಳು. ಹಿಲ್ಡಾ ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಕೇಳಿ ಜಗದೇವಿಗೆ ನಗು ಬಂತು. ಅವಳ ನಗು ಕಂಡು ಹಿಲ್ಡಾಳಿಗೂ ಬಂತು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರು ಹೆಂಗಸರು ರದ್ದಿ ಗುಡ್ಡೆಯ ಬುಡದಲ್ಲಿ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಶಿವಶಂಕರಪ್ಪನವರು ನಗಬೇಕೋ ಬೇಡವೋ ತಿಳಿಯದೆ ಕ್ರಾಂತಿಕುಮಾರನ ಮುಖ ನೋಡಿದರು.

ಒಡಕು ಕಲ್ಲು ತುಂಬಿ ಬೆಲ್ಜಿಯಮ್ಮಿಗೆ ಹೊರಟ ಮೊದಲ ಕಂಟೇನರಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಫ್ಯಾಕ್ಟರಿಗೆ ಹುಚ್ಚು ಹಿಡಿಯಿತು. ಹೊಸ ಹೆಂಗಸರು ಬಂದರು, ಅವರೆಲ್ಲರಿಗೂ ಜಗದೇವಿ ಮೇಸ್ತ್ರಿ. ಪಾಲಿಶ್ ಮಷಿನ್ನಿಗೆ ಗೋಣಿ ಹೊದಿಸಿ ಮೂಲೆಗೆ ತಳ್ಳಿದರು. ಸುದ್ದಿ ಹಬ್ಬಿ ಊರಿನ ಬೇರೆ ಫ್ಯಾಕ್ಟರಿಗಳಲ್ಲೂ ನೆಟ್ಟಗಿನ ಕಲ್ಲುಗಳನ್ನು ಒಡೆಯುವ ಸಪ್ಪಳ ಎದ್ದಿತು. ಸಂಕಟವಾದದ್ದು ಅಂಜಪ್ಪನೊಬ್ಬನಿಗೆ. ಆಯುಷ್ಯವೆಲ್ಲ ಅಂಚು ನೆಟ್ಟಗೆ ಮಾಡಿದ ಕೈ ಅದು. ಒಡೆಯಲು ಏಳುತ್ತಲೇ ಇರಲಿಲ್ಲ.

"ಕಾಕಾ, ಹೊಡೀರಿ," ಎಂದಳು ಜಗದೇವಿ.

"ಹೊಡದ್ನಲ್ಲವ್ವ."

"ಅದು ಹೊಡದಂಗ ಆತೇನ್ರಿ? ಕೂಸಿಗಿ ಬೆನ್ನ ತಟ್ಟಿದಂಗ ಆತು."

ಅಂಜಪ್ಪ ಕಣ್ಣು ಮುಚ್ಚಿ ಒಂದು ಏಟು ಹಾಕಿದ. ಕಲ್ಲು ನಡುವೆ ಸೀಳಿ ಎರಡಾಯಿತು. ಹೆಂಗಸರೆಲ್ಲ ಹೋ ಎಂದರು. ಅಂದಿನಿಂದ ಅವನು ಕಂಟೇನರ್ ತುಂಬಿಸುವ ಕೆಲಸ ನೋಡಿಕೊಂಡ.

ಬೆಲ್ಜಿಯಮ್ಮಿನಿಂದ ಬೇಡಿಕೆಗಳ ಜೊತೆ ಕರಾರುಗಳೂ ಬಂದವು. ಕೆಲಸದವರ ಮೂಗಿಗೆ ಧೂಳಿನ ಮಾಸ್ಕ್ ಇರಬೇಕು, ಕಾಲಿಗೆ ಬೂಟು ಇರಬೇಕು, ಕುಡಿಯಲು ಒಳ್ಳೆಯ ನೀರು ಬೇಕು, ಹೆಂಗಸರಿಗೆ ಬೇರೆ ಸಂಡಾಸು ಬೇಕು. ಇಲ್ಲವಾದರೆ ಅಲ್ಲಿನ ಗಿರಾಕಿಗಳು ಕೊಳ್ಳುವುದಿಲ್ಲ. ಹೆಂಗಸರು ಅಷ್ಟು ಕಾಲ ಜಾಲಿ ಗಿಡಗಳ ಮರೆಗೆ ಹೋಗಿ ಬರುತ್ತಿದ್ದರು. ಅದರ ಬಗ್ಗೆ ತಾಂಡೂರಿನಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಸಮುದ್ರದಾಚೆ ಯಾರೋ ತಮ್ಮ ತೋಟದಲ್ಲಿ ಕುರ್ಚಿ ಹಾಕಿಕೊಂಡು ಕೂರುವಾಗ ಮನಸ್ಸಿಗೆ ಹಿತವಾಗಿರಲಿ ಎಂದು ಯಾಲಾಲ್ ರಸ್ತೆಯ ಪಕ್ಕ ನೀಲಿ ಬಾಗಿಲಿನ ಸಂಡಾಸು ಎದ್ದಿತು.

ಶಿವಶಂಕರಪ್ಪನವರು ಬಾಗಿಲಿಗೆ ಹೂವು ಹಾಕಿಸಿ ತೆಂಗಿನಕಾಯಿ ಒಡೆದರು. "ಈಗ ಯಾರರೆ ಒಬ್ರು ಒಳಗ ಹೋಗ್ರವ್ವ. ಫೋಟೋ ಕಳಿಸಬೇಕು." ಒಬ್ಬರೂ ಕದಲಲಿಲ್ಲ. ಲಚ್ಚಮ್ಮ ಜಗದೇವಿಯನ್ನು ದೂಡಿದಳು. ಜಗದೇವಿ ಲಗ್ನಮಂಟಪಕ್ಕೆ ಹೋಗುವವಳಂತೆ ತಲೆ ತಗ್ಗಿಸಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಎಲ್ಲರೂ ಉಸಿರು ಹಿಡಿದು ನಿಂತರು. ಒಳಗಿನಿಂದ ಕೂಗು ಬಂತು: "ನೀರ ಬರ್ತಾವ್ರೀ!" ಹೆಂಗಸರು ಚಪ್ಪಾಳೆ ಹೊಡೆದು ಕುಣಿದರು. ಬೆಲ್ಜಿಯಮ್ಮಿಗೆ ಹೋದ ಫೋಟೋದಲ್ಲಿ ಮುಚ್ಚಿದ ನೀಲಿ ಬಾಗಿಲು, ಅದರ ಮುಂದೆ ಕೈಯಲ್ಲಿ ತೆಂಗಿನ ಹೋಳು ಹಿಡಿದ ಸಾವಕಾರರು. ಜಗದೇವಿ ಇನ್ನೂ ಒಳಗೇ ಇದ್ದಳು.

ಆ ವರ್ಷ ಜಗದೇವಿ ಸ್ಕೂಟಿ ಕೊಂಡಳು. ಕಲಿಸಿದವನು ಸಾಯಪ್ಪ. ಎರಡೂ ಕಡೆ ತೊಗರಿ ಹೂಬಿಟ್ಟು ಹಳದಿಯಾಗಿದ್ದ ದಾರಿಯಲ್ಲಿ ಅವಳು ಮುಂದೆ, ಅವನು ಹಿಂದೆ. ಜೀವಮಾನವೆಲ್ಲ ಹ್ಯಾಂಡಲ್ ಹಿಡಿದವನಿಗೆ ಹಿಂದೆ ಕೂತು ಕೈ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಎದುರಿಗೆ ಬಂದ ಕುರಿ ಹಿಂಡು ಕಂಡು "ಹಾರ್ನ್ ಹೊಡಿ" ಎನ್ನುವ ಬದಲು ಗಾಬರಿಯಲ್ಲಿ ತಾನೇ "ಪೋಂ ಪೋಂ" ಎಂದು ಕೂಗಿದ. ಅವಳಿಗೆ ನಗು ಉಕ್ಕಿತು.

"ನಗಬ್ಯಾಡ ತಾಯಿ! ಹ್ಯಾಂಡಲ್ ಬಿಡ್ತಿ!"

"ನೀವು ಮಾತಾಡಬ್ಯಾಡ್ರಿ ಮತ್ತ!"

ಕುರಿಗಳು ದಾರಿ ಬಿಟ್ಟವು. ಗಾಳಿಗೆ ಸೆರಗು ಸಾಯಪ್ಪನ ಮುಖಕ್ಕೆ ಸುತ್ತಿಕೊಂಡಿತು. ಅವಳು ಊರು ದಾಟಿ ಹೋದಳು, ತಿರುಗಿಸುವುದು ತಿಳಿಯದೆ ಮುಂದಿನ ಊರನ್ನೂ ದಾಟಿದಳು. ಭೂಮಿ ದುಂಡಗಿದೆ ಎಂದು ಶಾಲೆಯಲ್ಲಿ ಹೇಳಿದ್ದರು. ಹೀಗೇ ಹೋದರೆ ಹಿಲ್ಡಾಬಾಯಿಯ ಮನೆ ಬಂದೀತು ಅನ್ನಿಸಿತು.

ಆಮೇಲೆ ಒಂದು ತಿಂಗಳು ಕಂಟೇನರ್ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಒಡೆದ ಕಲ್ಲುಗಳು ಅಂಗಳ ತುಂಬಿ ನಿಂತವು. ಕ್ರಾಂತಿಕುಮಾರ ಹೆಂಗಸರನ್ನು ಬೇವಿನ ನೆರಳಿಗೆ ಕರೆದ.

"ಅಕ್ಕಾ, ಅವರ ಕಡಿ ದೇಶಗೋಳ್ದಾಗ ಲಡಾಯಿ ನಡದದ. ಗ್ಯಾಸ್ ಭಾಳ ತುಟ್ಟಿ ಆಗ್ಯಾದಂತ."

"ನಮಗೂ ಸಿಲಿಂಡರ್ ತುಟ್ಟಿ ಆಗ್ಯಾದಲ್ಲೋ ತಮ್ಮ," ಎಂದಳು ಜಗದೇವಿ.

"ಅಡಗಿಗಿ ಅಲ್ಲಕ್ಕ. ಛಳಿಗಾಲದಾಗ ಮನಿ ಬೆಚ್ಚಗ ಇಡಾಕ. ಅದಕ್ಕೇ ರೊಕ್ಕ ಎಲ್ಲಾ ಹೊಂಟದಂತ. ಹಂಗಾಗಿ ತ್ವಾಟಕ್ಕ ಕಲ್ಲ ಯಾರೂ ಹಾಕಸವಲ್ರು."

ನೆತ್ತಿ ಸುಡುವ ಬಿಸಿಲಲ್ಲಿ ನಿಂತು, ದುಡ್ಡು ಕೊಟ್ಟು ಮನೆ ಬಿಸಿ ಮಾಡಿಕೊಳ್ಳುವ ಮಂದಿಯ ಮಾತು ಕೇಳಿ ಲಚ್ಚಮ್ಮ ನಕ್ಕಳು. "ಇಲ್ಲಿಗಿ ಬರ್ರಿ ಅನ್ನೋ. ಬಿಸಿಲು ಪುಕ್ಕಟ ಅದ." ಎಲ್ಲರೂ ನಕ್ಕರು. ಜಗದೇವಿಯೂ ನಕ್ಕಳು, ಆದರೆ ನಗು ನಡುವೆಯೇ ನಿಂತುಬಿಟ್ಟಿತು. "ಅವರಿಗಿ ಛಳಿ ಆದ್ರ ನಮ್ಮ ಒಲಿ ಯಾಕ ಆರ್ತದ?" ಎಂದಳು. ಹಿಲ್ಡಾಬಾಯಿಯ ಮೇಲೆ ಸಿಟ್ಟಾಗೋಣವೆಂದರೆ ಅವಳ ನಗು ನೆನಪಾಗುತ್ತಿತ್ತು. ಹೆಂಗಸರು ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ಮರಳಿದರು. ಸ್ಕೂಟಿ ಮನೆಯ ಮೂಲೆಯಲ್ಲಿ ನಿಂತಿತು, ಅದರ ಮೇಲೆ ಕೋಳಿ ಕೂರತೊಡಗಿತು.

ಮಳೆಗಾಲ ಬಂತು. ಅವರ ಊರಿನದು ಎರೆಮಣ್ಣು. ಒಂದು ಮಳೆಗೆ ಅಂಗಳ ಅಂಟಿನ ಕೊಳಗವಾಗುತ್ತದೆ. ಜಗದೇವಿಯ ಅತ್ತೆ ಶಂಕರಮ್ಮ ಹಾಲಿನ ಚೆರಿಗೆ ಹಿಡಿದು ಬರುವಾಗ ಜಾರಿ ಕೆಸರಿನಲ್ಲಿ ಕುಳಿತುಬಿಟ್ಟಳು. ಎಬ್ಬಿಸಲು ಹೋದ ಸಾಯಪ್ಪ ಅವಳ ಪಕ್ಕದಲ್ಲೇ ಕುಳಿತ. "ಬಾರೋ, ಹಿಂಗ ತಾಯಿ ಮಗ ಕೂಡಿ ಎಷ್ಟ ದಿನ ಆಗಿತ್ತು," ಎಂದಳು ಮುದುಕಿ. ಜಗದೇವಿ ಬಾಗಿಲಲ್ಲಿ ನಿಂತು ನಗುತ್ತಿದ್ದವಳು ಹಾಗೆಯೇ ಸ್ಕೂಟಿ ಹೊರಗೆಳೆದು ತಾಂಡೂರಿಗೆ ಹೋದಳು.

"ಸಾವ್ಕಾರ್ರ, ಹೋಗಲಾರದೆ ನಿಂತ ಕಲ್ಲಿನಾಗ ಸ್ವಲ್ಪ ನಮ್ಮ ಅಂಗಳಕ್ಕ ಕೊಡ್ರಿ."

"ಒಯ್ಯವ್ವ, ಒಯ್ಯಿ. ಒಡಕ ಕಲ್ಲ ಇಲ್ಲಿ ಯಾರಿಗಿ ಬೇಕಾಗ್ಯಾವ," ಎಂದರು ಶಿವಶಂಕರಪ್ಪ, ತಲೆ ಎತ್ತದೆ.

ಸಾಯಪ್ಪನ ಆಟೋದಲ್ಲಿ ಕಲ್ಲುಗಳು ಊರಿಗೆ ಬಂದವು. ಹಿಲ್ಡಾ ಹಿಂದೆ ಫೋನಿನಲ್ಲಿ ತನ್ನೂರಿನ ಅಂಗಳಗಳ ಚಿತ್ರ ತೋರಿಸಿದ್ದಳು. ಅದರಂತೆ ಮರಳು ಹಾಕಿ, ಕಲ್ಲು ಕೂರಿಸಿ, ಸಂದುಗಳಲ್ಲಿ ಕರಿಕೆ ಹುಲ್ಲು ನೆಟ್ಟರು. ಓಣಿಯ ಮಂದಿ ಬಂದು "ಅಂಗಳದಾಗ ಹಾಳಬಿದ್ದ ಗುಡಿ ಕಟ್ಯಾಳ" ಎಂದು ಹಾಸ್ಯ ಮಾಡಿದರು. ಮುಂದಿನ ಮಳೆಗೆ ಅದೇ ಮಂದಿ ಚಪ್ಪಲಿಯ ಕೆಸರು ಬಡಿದುಕೊಂಡು ಅವಳ ಅಂಗಳಕ್ಕೆ ಬಂದು ಕುಳಿತರು. ಒರಟು ಕಲ್ಲಿನ ಮೇಲೆ ಯಾರೂ ಜಾರಲಿಲ್ಲ. ಶಂಕರಮ್ಮನಂತೂ ಜಾರುವುದೇ ಇಲ್ಲ ಎಂದು ತೋರಿಸಲು ಬಂದವರ ಮುಂದೆಲ್ಲ ಬೇಕೆಂದೇ ಓಡಾಡುತ್ತಿದ್ದಳು.

ಅದೇ ದಿನಗಳಲ್ಲಿ ಜಹೀರಾಬಾದಿನಿಂದ ಜೈಪಾಲ ಎನ್ನುವವರು ಕಲ್ಲು ನೋಡಲು ತಾಂಡೂರಿಗೆ ಬಂದರು. ಮುಂಬಯಿ ಹೆದ್ದಾರಿಯ ಪಕ್ಕ ಫಂಕ್ಷನ್ ಹಾಲ್ ಕಟ್ಟಿಸುತ್ತಿದ್ದರು. ಹತ್ತಿದ್ದು ಸಾಯಪ್ಪನ ಆಟೋ.

"ಎಂಥಾ ಕಲ್ಲ ಬೇಕ್ರಿ?" ಎಂದ ಸಾಯಪ್ಪ.

"ಜಹೀರಾಬಾದದಾಗ ಯಾರ ಹತ್ರನೂ ಇರಲಾರದ್ದು ಬೇಕಪ್ಪ."

"ಹಂಗಿದ್ರ ಬೆಲ್ಜಿಯಂ ಅಂಗಳ ನೋಡ್ತೀರೇನ್ರಿ?"

ಜೈಪಾಲರು ಒಪ್ಪಿದರು. ಸಾಯಪ್ಪ ಆಟೋವನ್ನು ನೇರವಾಗಿ ತನ್ನ ಮನೆಯ ಮುಂದೆ ನಿಲ್ಲಿಸಿದ. ಮಳೆ ಆಗತಾನೇ ನಿಂತಿತ್ತು. ತೊಳೆದ ಹಳದಿ, ನೀಲಿ ಕಲ್ಲುಗಳ ನಡುವೆ ಕರಿಕೆ ಹಸಿರಾಗಿತ್ತು. ಜೈಪಾಲರು ಬೂಟು ಕಳಚಿ ಬರಿಗಾಲಲ್ಲಿ ನಡೆದು ನೋಡಿದರು.

"ಬೆಲ್ಜಿಯಂದಾಗ ಹಿಂಗೇ ಇರ್ತದೇನು?"

"ಹಿಂಗೇ ಅಲ್ರಿ, ಇದೇ! ಇಲ್ಲಿಂದೇ ಹೋಗ್ಯಾವ. ಒಡದಾಕಿ ಇಕಿನೇ, ನನ್ನ ಹೆಂಡ್ತಿ."

ಜೈಪಾಲರು ಅಲ್ಲೇ ನಿಂತು ಶಿವಶಂಕರಪ್ಪನವರಿಗೆ ಫೋನು ಮಾಡಿದರು. ಸಾವಕಾರರು ಮೊದಲು ಯಾರೋ ಚಾಷ್ಟಿ ಮಾಡುತ್ತಿದ್ದಾರೆಂದು ಇಟ್ಟುಬಿಟ್ಟರು. ಎರಡನೆಯ ಸಲ ಜಗದೇವಿಯೇ ಮಾತಾಡಬೇಕಾಯಿತು.

ಲಾರಿಯಲ್ಲಿ ಕಲ್ಲು, ಕಲ್ಲಿನ ಮೇಲೆ ಹೆಂಗಸರು, ಮುಂದೆ ಡ್ರೈವರನ ಪಕ್ಕದಲ್ಲಿ ಅಂಜಪ್ಪ. ಹೀಗೆ ಜಹೀರಾಬಾದಿಗೆ ಹೊರಟರು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎದುರಾದಾಗಲೆಲ್ಲ ಲಚ್ಚಮ್ಮ ಕೈ ಚಾಚಿ ಕಬ್ಬು ಕೇಳುವಳು, ಒಬ್ಬ ಎಸೆದೇಬಿಟ್ಟ. ಕಲ್ಲು ಒಡೆಯುವುದು ಬೇರೆ, ಹಾಸುವುದು ಬೇರೆ ಎಂದು ತಿಳಿದದ್ದು ಅಲ್ಲಿ ಹೋದ ಮೇಲೆ. ಮೊದಲು ಹಾಸಿದ ಭಾಗದಲ್ಲಿ ಜೈಪಾಲರ ಮಾವ ಕುರ್ಚಿ ಹಾಕಿ ಕುಳಿತರು. ಕುರ್ಚಿ ಕುಂಟಿತು, ಮಾವ ಉರುಳಿದರು. ಎಲ್ಲ ಕಿತ್ತು ಮತ್ತೆ ಹಾಸಬೇಕಾಯಿತು. ಈ ಸಲ ಅಂಜಪ್ಪ ದಾರ ಕಟ್ಟಿ ಮಟ್ಟ ಹಿಡಿದ. ನೆಟ್ಟಗಿನದನ್ನೇ ನೋಡಿ ಬೆಳೆದ ಅವನ ಕಣ್ಣು ಅಲ್ಲಿ ಬಹಳ ಸುಖಪಟ್ಟಿತು.

ಮೊದಲ ಮದುವೆಗೆ ಜೈಪಾಲರು ಹೆಂಗಸರನ್ನೆಲ್ಲ ಊಟಕ್ಕೆ ಕರೆದಿದ್ದರು. ಬಾಗಿಲಲ್ಲಿ "ಬೆಲ್ಜಿಯಂ ಲಾನ್" ಎಂದು ಬಣ್ಣದ ಬೋರ್ಡು. ಬೀಗರು ಕಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಸಿಕೊಳ್ಳುತ್ತಿದ್ದರು. "ವಿದೇಶದ್ದಂತ" ಎಂದು ಒಬ್ಬರಿಗೊಬ್ಬರು ಹೇಳುವುದು ಕೇಳಿ ಲಚ್ಚಮ್ಮ ಜಗದೇವಿಯ ಪಕ್ಕೆಗೆ ತಿವಿದಳು. ಬ್ಯಾಂಡಿನವರು ಜೋರು ಮಾಡಿದಾಗ ತಾಂಡೂರಿನ ಹೆಂಗಸರು ಮದುಮಗಳ ಕಡೆಯವರನ್ನು ಪಕ್ಕಕ್ಕೆ ಸರಿಸಿ ಕುಣಿಯತೊಡಗಿದರು. ತಾನೇ ಅಂಚು ಒಡೆದ ಕಲ್ಲಿನ ಮೇಲೆ ಹೆಜ್ಜೆ ಹಾಕುತ್ತ ಜಗದೇವಿಗೆ ತಲೆ ಗಿರ್ರೆಂದಿತು. ದೀಪಗಳು ತಿರುಗಿದವು, ಬೋರ್ಡು ತಿರುಗಿತು, ಅಂಜಪ್ಪನೂ ಕೈಯೆತ್ತಿ ತಿರುಗುತ್ತಿದ್ದ.

ಆ ಮದುವೆಗೆ ಬಂದವರಿಂದಲೇ ಮುಂದಿನ ಕೆಲಸಗಳು ಹುಟ್ಟಿದವು. ನಾರಾಯಣಖೇಡದ ಒಬ್ಬ ಡಾಕ್ಟರರ ಮನೆಯಂಗಳವಾಯಿತು. ಉಮಾಬಾಯಿ ನೋಡಲು ಬಂದು, ಮಗಳು ಏನನ್ನೂ ಬೀಳಿಸಲಿಲ್ಲವೆಂದು ಎಲ್ಲರಿಗೂ ಹೇಳಿಕೊಂಡು ಹೋದಳು. ಝರಾಸಂಗಂ ಗುಡಿಯ ಹತ್ತಿರ ಯಾತ್ರಿಕರಿಗೆಂದು ಕಟ್ಟಿದ ವಸತಿಯ ಅಂಗಳ ಒಪ್ಪಿಕೊಂಡು ಅರ್ಧ ಮುಗಿಸಿದ್ದರು. ಆಗ ಕ್ರಾಂತಿಕುಮಾರನ ಫೋನು ಬಂತು.

"ಅಕ್ಕಾ, ಹಿಲ್ಡಾ ಮೇಡಂ ಲೈನ್ ಮ್ಯಾಗ ಇದ್ದಾರ! ಮತ್ತ ಕಲ್ಲ ಬೇಕಂತ. ಅಲ್ಲಿ ಎಲ್ಲಾ ಸ್ವಲ್ಪ ಛಲೋ ಆಗ್ಯಾದಂತ. ಸಾವ್ಕಾರ್ರು ನಾಳೇನೇ ಎಲ್ಲರೂ ಬರ್ರಿ ಅಂತಾರ."

ಜಗದೇವಿ ಸುತ್ತ ನೋಡಿದಳು. ಅರ್ಧ ಹಾಸಿದ ಅಂಗಳ, ಮರಳಿನ ಗುಡ್ಡೆ, ಬುತ್ತಿ ಬಿಚ್ಚುತ್ತಿದ್ದ ಹೆಂಗಸರು.

"ಹಿಲ್ಡಾಬಾಯಿಗಿ ನನ್ನ ಶರಣು ಹೇಳು ತಮ್ಮ. ಖರೆ ಇಲ್ಲಿ ಕೆಲಸ ನಡದದ. ಬೆಲ್ಜಿಯಂಗ ಜರಾ ತಡಿ ಅನ್ನು."

ಲಚ್ಚಮ್ಮ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಅವಳನ್ನು ನೋಡಿದಳು. ಒಬ್ಬಳು "ಏನಂದಿ?" ಎಂದಳು. "ಬೆಲ್ಜಿಯಂಗ ತಡಿ ಅಂದಾಳ!" ಎಂದಳು ಇನ್ನೊಬ್ಬಳು. ಅಂಗಳವೆಲ್ಲ ನಗುವಿನಿಂದ ಬಿರಿಯಿತು. ಗುಡಿಗೆ ಹೊರಟಿದ್ದ ಯಾತ್ರಿಕರು ನಿಂತು ನೋಡಿದರು.

ಹಿಲ್ಡಾ ತಡೆದಳು. ಮೊದಲಿನಷ್ಟು ಕಲ್ಲು ಅವಳಿಗೂ ಬೇಕಿರಲಿಲ್ಲ; ಅಲ್ಲಿನ ಜನ ಇನ್ನೂ ಕೈ ಹಿಡಿದೇ ಖರ್ಚು ಮಾಡುತ್ತಿದ್ದರು. ಶಿವಶಂಕರಪ್ಪನವರು ಒಂದು ದಿನ ಮುನಿಸಿಕೊಂಡಿದ್ದು, ಮರುದಿನ ತಾವೇ ಝರಾಸಂಗಮ್ಮಿಗೆ ಬಂದು ಜಗದೇವಿಯ ಎದುರು ಕುಳಿತು ಮಾತಾಡಿದರು. ಅರ್ಧ ಹೆಂಗಸರು ಫ್ಯಾಕ್ಟರಿಯಲ್ಲಿ ಹೊರದೇಶದ ಕಲ್ಲು ಒಡೆಯುವುದು, ಅರ್ಧ ಹೆಂಗಸರು ಊರೂರಿಗೆ ಹಾಸಲು ಹೋಗುವುದು, ಒಂದು ಕಡೆ ನಿಂತರೆ ಇನ್ನೊಂದು ಕಡೆಗೆ ಎಲ್ಲರೂ ಸೇರುವುದು ಎಂದಾಯಿತು. ಹಾಸುವ ಕೆಲಸಕ್ಕೆ ಯಾರನ್ನು ಒಯ್ಯಬೇಕೆಂಬುದು ಜಗದೇವಿಯ ಮಾತು.

ಈಗ ಫ್ಯಾಕ್ಟರಿಯ ಗೇಟಿನಲ್ಲಿ ಕೆಲವು ಬೆಳಗ್ಗೆ ಕಂಟೇನರೂ ಟ್ರ್ಯಾಕ್ಟರೂ ಅಕ್ಕಪಕ್ಕ ನಿಂತಿರುತ್ತವೆ. ಅಂಥ ಒಂದು ಬೆಳಗ್ಗೆ ಅಂಜಪ್ಪ ನಡುವೆ ನಿಂತು ಕೇಳಿದ, "ಯಾವುದು ಮೊದ್ಲ ತುಂಬಲವ್ವ, ಹಡಗದ್ದೋ, ಝರಾಸಂಗಂದೋ?"

"ಝರಾಸಂಗಂದು ತುಂಬ್ರಿ ಕಾಕಾ. ಮಳಿ ಬರೋದ್ರಾಗ ಮುಗಸಬೇಕು," ಎಂದು ಜಗದೇವಿ ಬೂಟಿನ ದಾರ ಬಿಗಿದುಕೊಂಡು ಟ್ರ್ಯಾಕ್ಟರ್ ಹತ್ತಿದಳು. ಲಚ್ಚಮ್ಮ ಆಗಲೇ ಮೇಲೆ ಕುಳಿತು ಡ್ರೈವರನಿಗೆ ಹಾಡು ಹಾಕು ಎಂದು ಗಂಟು ಬಿದ್ದಿದ್ದಳು.